ಬಾಗಿಲಿಲ್ಲದ ಮಾರುಕಟ್ಟೆಗೆ ಬಂದ ಹೊಸಬರು: ವಿಕೇಂದ್ರೀಕೃತ ಕ್ರಿಪ್ಟೊ ವಿನಿಮಯದ ಮೊದಲ ವಾರದಲ್ಲಿ ಏನಾಗುತ್ತೆ?

ಕಳೆದ ವರ್ಷ ಒಂದು ಭಾನುವಾರ ರಾತ್ರಿ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡ್ತಿರೋ ಹುಡುಗ. "ಅಣ್ಣ, ಒಂದು ಕಾಯಿನ್ ತಗೊಂಡಿದೀನಿ. ರೇಟು ಮೂರು ಪಟ್ಟಾಗಿದೆ. ಆದ್ರೆ ಮಾರೋಕೇ ಆಗ್ತಿಲ್ಲ" ಅಂದ. ಎಷ್ಟು ಹಾಕಿದೀಯ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "60,000" ಅಂದ.

ಅವನ ವ್ಯಾಲೆಟ್ ವಿಳಾಸ ಕಳಿಸೋಕೆ ಹೇಳಿದೆ. ಅಕ್ಷರ, ಅಂಕಿ ಬೆರೆತ 42 ಚಿಹ್ನೆಗಳ ಒಂದು ಸಾಲು ಬಂತು. ಬ್ಲಾಕ್‌ಚೈನ್ ಲೆಕ್ಕಪುಸ್ತಕ ತೋರಿಸುವ ತಾಣದಲ್ಲಿ ಅದನ್ನು ಹಾಕಿದರೆ ಅವನ ನಾಲ್ಕು ದಿನಗಳ ಬದುಕು ಕಣ್ಣ ಮುಂದೆ ಬಂತು. ಒಟ್ಟು 11 ನಮೂದು: ಹಣ ಬಂದದ್ದು 2, ಅನುಮತಿ ಕೊಟ್ಟದ್ದು 1, ಸಣ್ಣ ಮೊತ್ತದ ಪ್ರಯೋಗದ ಖರೀದಿ 1, ದೊಡ್ಡ ಖರೀದಿ 2, ಮಾರಲು ಮತ್ತೊಂದು ಅನುಮತಿ 1, ಮಾರಲು ಹೋಗಿ ವಿಫಲವಾದದ್ದು 4. ಆಮೇಲೆ ಮೌನ.

ಅವನೊಬ್ಬನ ಕಥೆಯಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಆದರೆ ಇದೇ ಕ್ರಮದ, ಇದೇ ಬಗೆಯಲ್ಲಿ ಮುಗಿಯುವ ವಿಳಾಸಗಳನ್ನು ನಾನು ಆಮೇಲೆ ಬೇಕಾದಷ್ಟು ನೋಡಿದೆ. ಹೊಸ ಬಳಕೆದಾರರು ಇಂಥ ಕಡೆ ಹೇಗೆ ನಡೆದುಕೊಳ್ತಾರೆ, ಯಾಕೆ ಹಾಗೆ ನಡೆದುಕೊಳ್ತಾರೆ, ಅದರಲ್ಲಿ ಅವರ ತಪ್ಪೆಷ್ಟು, ವ್ಯವಸ್ಥೆಯ ಪಾಲೆಷ್ಟು? ಒಂದೇ ಕಡೆ ಸಿಗಲಿ ಅಂತ ಇದನ್ನು ಬರೆದಿದ್ದೇನೆ.

ಏನಿದು ವಿಕೇಂದ್ರೀಕೃತ ವಿನಿಮಯ?

ಸಾಮಾನ್ಯ ಕ್ರಿಪ್ಟೊ ಎಕ್ಸ್‌ಚೇಂಜ್ ಒಂದು ಕಂಪನಿ. ಆಧಾರ್, ಪ್ಯಾನ್ ಕೊಟ್ಟು ಖಾತೆ ತೆರೆಯಬೇಕು, ನಿಮ್ಮ ಹಣ ಅವರ ಕೈಯಲ್ಲಿರುತ್ತೆ. ವಿಕೇಂದ್ರೀಕೃತ ವಿನಿಮಯ, ಅಂದರೆ ಡೆಕ್ಸ್, ಹಾಗಲ್ಲ. ಅದು ಬ್ಲಾಕ್‌ಚೈನ್ ಮೇಲೆ ಕೂತಿರುವ ಒಂದು ಪ್ರೋಗ್ರಾಂ. ಖಾತೆ ಇಲ್ಲ, ಹೆಸರು ಕೇಳಲ್ಲ, ವ್ಯಾಲೆಟ್ ಜೋಡಿಸಿದರೆ ಸಾಕು. ಇವುಗಳಲ್ಲಿ ಅತಿ ಹೆಸರುವಾಸಿಯಾದ ಯುನಿಸ್ವಾಪ್ 2018ರ ನವೆಂಬರ್‌ನಲ್ಲಿ ಇಥೀರಿಯಂ ಜಾಲದ ಮೇಲೆ ಶುರುವಾಯಿತು. ಅದನ್ನು ಕಟ್ಟಿದವರು ಹೇಡನ್ ಆಡಮ್ಸ್.

ಇಲ್ಲಿ ಕೊಳ್ಳುವವರನ್ನೂ ಮಾರುವವರನ್ನೂ ಜೋಡಿಸುವ ದಲ್ಲಾಳಿ ಇಲ್ಲ. ಬದಲಿಗೆ ಎರಡು ನಾಣ್ಯಗಳ ಒಂದು ಕೊಳ ಇರುತ್ತೆ. ಆ ಎರಡು ರಾಶಿಗಳ ಗುಣಲಬ್ಧ ಬದಲಾಗಬಾರದು ಅನ್ನೋದೇ ನಿಯಮ. ಲೆಕ್ಕ ಮಾಡಿ ನೋಡೋಣ. ಕೊಳದಲ್ಲಿ 100 ನಾಣ್ಯ, 1,00,000 ರೂಪಾಯಿ ಇದೆ ಅಂದುಕೊಳ್ಳಿ. ಪರದೆ ಮೇಲೆ ಕಾಣುವ ಬೆಲೆ 1,000 ರೂಪಾಯಿ. ನೀವು 25,000 ರೂಪಾಯಿ ಹಾಕಿದರೆ 25 ನಾಣ್ಯ ಸಿಗಬೇಕು ಅಲ್ವಾ? ಸಿಗಲ್ಲ. ರೂಪಾಯಿ ರಾಶಿ 1,25,000 ಆಗುತ್ತೆ, ಗುಣಲಬ್ಧ ಹಾಗೇ ಉಳಿಯಬೇಕಾದರೆ ನಾಣ್ಯದ ರಾಶಿ 80ಕ್ಕೆ ಇಳಿಯಬೇಕು. ನಿಮಗೆ ಬರೋದು 20. ಅಂದರೆ ನೀವು ಕೊಟ್ಟ ನಿಜವಾದ ಬೆಲೆ 1,250 ರೂಪಾಯಿ. ಯಾರೂ ಮೋಸ ಮಾಡಿಲ್ಲ, ಶುಲ್ಕವನ್ನೂ ನಾನು ಸೇರಿಸಿಲ್ಲ. ಕೊಳ ಚಿಕ್ಕದಿತ್ತು, ಅಷ್ಟೇ.

ಹೊಸಬರು ಎಡವುವ ಮೊದಲ ಜಾಗ ಇದು. ಅವರು ಬೆಲೆ ನೋಡ್ತಾರೆ, ಕೊಳದ ಆಳ ನೋಡಲ್ಲ.

"ಹೊಸಬ" ಅಂದರೆ ಯಾರು?

ಇಲ್ಲಿ ಸಂಖ್ಯೆಗಳನ್ನು ನಂಬೋ ಮುಂಚೆ ಒಂದು ಎಚ್ಚರಿಕೆ ಬೇಕು. ಲೆಕ್ಕಪುಸ್ತಕದಲ್ಲಿ ಕಾಣೋದು ವಿಳಾಸ, ಮನುಷ್ಯ ಅಲ್ಲ. ಒಬ್ಬರೇ 50 ವಿಳಾಸ ತೆರೆಯಬಹುದು, ಖರ್ಚಿಲ್ಲ. "ಈ ತಿಂಗಳು ಇಷ್ಟು ಲಕ್ಷ ಹೊಸ ಬಳಕೆದಾರರು" ಅಂತ ಯಾವುದಾದರೂ ಯೋಜನೆ ಹೇಳಿಕೊಂಡರೆ, ಅಷ್ಟು ವಿಳಾಸ ಅಂತ ಮಾತ್ರ ಓದಿಕೊಳ್ಳಿ.

ವಿಳಾಸ ಹೆಚ್ಚಿಸಿಕೊಳ್ಳುವ ಚಾಳಿಗೆ ಒಂದು ಇತಿಹಾಸ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಯುನಿಸ್ವಾಪ್ ತನ್ನದೇ ಯುನಿ ಟೋಕನ್ ಹೊರತಂದಿತು. ಆ ಸೆಪ್ಟೆಂಬರ್ 1ಕ್ಕೂ ಮೊದಲು ಒಮ್ಮೆಯಾದರೂ ಬಳಸಿದ್ದ ವಿಳಾಸಗಳಿಗೆ ತಲಾ 400 ಯುನಿ ಉಚಿತವಾಗಿ ಹಂಚಿತು. ಪ್ರಯತ್ನಿಸಿ ವಿಫಲರಾಗಿದ್ದವರಿಗೂ ಸಿಕ್ಕಿತು. ಅಂದಿನ ಬೆಲೆಯಲ್ಲೇ ಅದು ಸಾವಿರ ಡಾಲರ್ ದಾಟಿತ್ತು. 2021ರ ಮೇ ತಿಂಗಳಲ್ಲಿ ಒಂದು ಯುನಿ 40 ಡಾಲರ್ ದಾಟಿದಾಗ ಅದೇ 400 ಯುನಿ 16,000 ಡಾಲರ್‌ಗೂ ಹೆಚ್ಚಾಯಿತು.

ಈ ಸುದ್ದಿ ಒಂದು ಪಾಠ ಕಲಿಸಿತು: ಸುಮ್ಮನೆ ಬಂದು ಮುಟ್ಟಿ ಹೋದರೂ ದುಡ್ಡು ಬರಬಹುದು. ಅಲ್ಲಿಂದ ಮುಂದೆ ಹೊಸ ವಿಳಾಸಗಳಲ್ಲಿ ಎರಡು ಜಾತಿ. ಒಂದು, ನಿಜವಾಗಿ ಏನೋ ಕೊಳ್ಳಲು ಬಂದವರು. ಎರಡು, ಮುಂದಿನ ಉಚಿತ ಹಂಚಿಕೆಗೆ ಕಾದು ಕೂತವರು. ಎರಡನೆಯವರ ಗುರುತು ಸುಲಭ: ಒಂದೇ ಮೂಲದಿಂದ ಹತ್ತಾರು ವಿಳಾಸಗಳಿಗೆ ಸಮ ಮೊತ್ತ ಹೋಗುತ್ತೆ, ಎಲ್ಲವೂ ಒಂದೇ ಹೊತ್ತಿಗೆ ಒಂದೇ ಬಗೆಯ ಸಣ್ಣ ವಹಿವಾಟು ಮಾಡ್ತವೆ, ಹಂಚಿಕೆ ಸಿಕ್ಕ ದಿನವೇ ಮಾರಿ ಖಾಲಿಯಾಗ್ತವೆ. 2023ರ ಮಾರ್ಚ್‌ನಲ್ಲಿ ಆರ್ಬಿಟ್ರಮ್ ಜಾಲ ತನ್ನ ಟೋಕನ್ ಹಂಚಿದಾಗ ಇಂಥವರನ್ನು ಸೋಸಿ ತೆಗೆಯಲು ಅಂಕ ಪದ್ಧತಿಯನ್ನೇ ಮಾಡಬೇಕಾಯಿತು.

ನನ್ನ ತಮ್ಮ ಮೊದಲನೇ ಜಾತಿಗೆ ಸೇರಿದವನು. ನಷ್ಟ ಜಾಸ್ತಿ ಆಗೋದೂ ಇವರಿಗೇ.

ಯಾವಾಗ ಬರ್ತಾರೆ?

ಬೆಲೆ ಏರಿದಾಗ. ಇದು ನನ್ನ ಊಹೆಯಲ್ಲ. ಸ್ವಿಟ್ಜರ್‌ಲೆಂಡ್‌ನ ಬಾಸೆಲ್‌ನಲ್ಲಿರುವ ಅಂತಾರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನ ಸಂಶೋಧಕರು 2015ರಿಂದ 2022ರವರೆಗೆ 95 ದೇಶಗಳಲ್ಲಿ ಕ್ರಿಪ್ಟೊ ಆ್ಯಪ್‌ಗಳ ಬಳಕೆಯನ್ನು ಪರಿಶೀಲಿಸಿದರು. ಬಿಟ್‌ಕಾಯಿನ್ ಬೆಲೆ ಏರಿದ ಮೇಲೆ ಹೊಸಬರು ಬರ್ತಾರೆ, ಅವರಲ್ಲಿ ಸುಮಾರು 40% ಮಂದಿ 35ಕ್ಕಿಂತ ಚಿಕ್ಕ ವಯಸ್ಸಿನ ಗಂಡಸರು. ನಾಲ್ವರಲ್ಲಿ ಸುಮಾರು ಮೂವರು ಬಿಟ್‌ಕಾಯಿನ್‌ನಲ್ಲಿ ಹಣ ಕಳೆದುಕೊಂಡಿರಬಹುದು ಅನ್ನೋದು ಅವರ ಅಂದಾಜು. ಆ ಅಧ್ಯಯನ ಕಂಪನಿ ನಡೆಸುವ ಎಕ್ಸ್‌ಚೇಂಜ್‌ಗಳ ಆ್ಯಪ್‌ಗಳ ಮೇಲೆ ನಡೆದದ್ದು, ಡೆಕ್ಸ್ ಮೇಲಲ್ಲ. ಆದರೆ ಡೆಕ್ಸ್‌ಗೆ ಬರುವವರಲ್ಲಿ ಎಷ್ಟೋ ಜನರ ಮೊದಲ ಮೆಟ್ಟಿಲು ಆ ಆ್ಯಪ್‌ಗಳೇ.

ಇನ್ನೊಂದು ಕಾರಣ ಭಯ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಕುಸಿಯಿತು. ನಮ್ಮಲ್ಲಿ 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಕ್ರಿಪ್ಟೊ ಕಳುವಾಗಿ, ಗ್ರಾಹಕರ ಹಣ ಸಿಕ್ಕಿಹಾಕಿಕೊಂಡಿತು. ಕಂಪನಿ ಕೈಯಲ್ಲಿ ಹಣ ಇಟ್ಟರೆ ಹೀಗಾಗುತ್ತೆ, ನಮ್ಮ ಕೀಲಿ ನಮ್ಮ ಹತ್ತಿರ ಇರಲಿ ಅನ್ನೋ ಮಾತಿನಲ್ಲಿ ನ್ಯಾಯ ಇದೆ. ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಕೀಲಿ ನಮ್ಮದಾದ ಮೇಲೆ ಕಾವಲೂ ನಮ್ಮದೇ. ಅದನ್ನು ಹೇಳಿಕೊಡುವವರು ಕಡಿಮೆ.

ಮೊದಲ ವಾರದ ಐದು ಹೆಜ್ಜೆಗಳು

*1. ಸಣ್ಣ ಪ್ರಯೋಗ, ತಕ್ಷಣ ದೊಡ್ಡ ಮೊತ್ತ.* ಮೊದಲು 500 ರೂಪಾಯಿ ಹಾಕಿ ನೋಡ್ತಾರೆ. ಸರಿ ಹೋಯ್ತು ಅಂದರೆ ಕೆಲವೇ ಗಂಟೆಗಳಲ್ಲಿ ಉಳಿದದ್ದೆಲ್ಲ ಹಾಕ್ತಾರೆ. ಪ್ರಯೋಗ ಪರೀಕ್ಷಿಸಿದ್ದು ಕೊಳ್ಳೋದನ್ನು ಮಾತ್ರ. ಮಾರೋದನ್ನು ಯಾರೂ ಪರೀಕ್ಷಿಸಲ್ಲ. ನನ್ನ ತಮ್ಮ ಆ 500 ರೂಪಾಯಿಯ ನಾಣ್ಯವನ್ನು ಮೊದಲೇ ಮಾರಿ ನೋಡಿದ್ದರೆ 59,500 ಉಳಿಯುತ್ತಿತ್ತು.

*2. ಮಿತಿಯಿಲ್ಲದ ಅನುಮತಿ.* ಟೋಕನ್ ಬದಲಿಸುವ ಮುಂಚೆ "ನನ್ನ ವ್ಯಾಲೆಟ್‌ನಿಂದ ಈ ಟೋಕನ್ ತೆಗೆದುಕೊಳ್ಳಬಹುದು" ಅಂತ ಪ್ರೋಗ್ರಾಂಗೆ ಅನುಮತಿ ಕೊಡಬೇಕು. ಎಷ್ಟೋ ಕಡೆ ಆ ಅನುಮತಿಗೆ ಮೊತ್ತದ ಮಿತಿ ಇರಲ್ಲ, ನೀವಾಗಿ ರದ್ದು ಮಾಡುವ ತನಕ ಅದು ಜೀವಂತ. ಖಾಲಿ ಚೆಕ್‌ಗೆ ಸಹಿ ಹಾಕಿ ಕೊಟ್ಟ ಹಾಗೆ. 2021ರ ಡಿಸೆಂಬರ್‌ನಲ್ಲಿ ಬ್ಯಾಡ್ಜರ್ ಎಂಬ ಡಿಫೈ ಸೇವೆಯ ವೆಬ್‌ಸೈಟಿಗೆ ಕಳ್ಳರು ನುಗ್ಗಿ, ಬಳಕೆದಾರರಿಂದ ಇಂಥ ಅನುಮತಿಗಳನ್ನು ಪಡೆದು ಸುಮಾರು 12 ಕೋಟಿ ಡಾಲರ್ ದೋಚಿದರು. ಅಲ್ಲಿ ಸಹಿ ಹಾಕಿದವರಲ್ಲಿ ಅನುಭವಿಗಳೂ ಇದ್ದರು.

*3. ಜಾರುಮಿತಿ ಏರಿಸೋದು.* ನೀವು ಒಪ್ಪಿದ ಬೆಲೆಗೂ ಸಿಗುವ ಬೆಲೆಗೂ ಎಷ್ಟು ಅಂತರವನ್ನು ಸಹಿಸ್ತೀರಿ ಅನ್ನೋದೇ ಸ್ಲಿಪೇಜ್, ಅಂದರೆ ಜಾರುಮಿತಿ. ವಹಿವಾಟು ವಿಫಲ ಆದಾಗ ಟೆಲಿಗ್ರಾಂ ಗುಂಪಿನಲ್ಲಿ ಕೇಳಿದರೆ ಬರೋ ಉತ್ತರ ಒಂದೇ: "ಸ್ಲಿಪೇಜ್ ಜಾಸ್ತಿ ಮಾಡಿ ಬ್ರೋ." ಅದರ ಬೆಲೆ ಎಷ್ಟು? ಮೇಲಿನ ಕೊಳಕ್ಕೇ ವಾಪಸ್ ಹೋಗೋಣ. ನಿಮ್ಮ 25,000 ರೂಪಾಯಿಯ ಖರೀದಿ ದಾಖಲಾಗುವ ಮೊದಲೇ ಸಾರ್ವಜನಿಕ ಸರದಿಯಲ್ಲಿ ಕಾಣುತ್ತೆ. ಅದನ್ನು ನೋಡಿದ ಒಂದು ಬಾಟ್ ನಿಮಗಿಂತ ಮುಂಚೆ 25,000 ಹಾಕಿ 20 ನಾಣ್ಯ ತಗೊಳ್ಳುತ್ತೆ. ಈಗ ನಿಮ್ಮ ಸರದಿ: 20 ನಾಣ್ಯ ಬರಬೇಕಿದ್ದ ಕಡೆ 13.33 ಬರುತ್ತೆ. ನೀವು ಬೆಲೆ ಏರಿಸಿದ ತಕ್ಷಣ ಬಾಟ್ ತನ್ನ 20 ನಾಣ್ಯ ಮಾರಿ ಸುಮಾರು 34,615 ರೂಪಾಯಿ ಎತ್ತುತ್ತೆ. ಕೆಲವೇ ಸೆಕೆಂಡುಗಳಲ್ಲಿ 9,615 ರೂಪಾಯಿ ಲಾಭ, ಅದರ ಬಿಲ್ ನಿಮ್ಮ ಹೆಸರಿಗೆ. ಇದಕ್ಕೆ ಸ್ಯಾಂಡ್‌ವಿಚ್ ದಾಳಿ ಅಂತ ಹೆಸರು. ಜಾರುಮಿತಿ 1% ಇದ್ದಿದ್ದರೆ ನಿಮ್ಮ ವಹಿವಾಟು ರದ್ದಾಗಿ, ಹಣ ಉಳಿಯುತ್ತಿತ್ತು. ಇದು ಹೊಸಬರಿಗೆ ಮಾತ್ರ ಬರುವ ಕಾಯಿಲೆ ಅಲ್ಲ: 2025ರ ಮಾರ್ಚ್‌ನಲ್ಲಿ ಒಬ್ಬ ಬಳಕೆದಾರ ಒಂದೇ ವಹಿವಾಟಿನಲ್ಲಿ ಹೀಗೆ 2 ಲಕ್ಷ ಡಾಲರ್‌ಗೂ ಹೆಚ್ಚು ಕಳೆದುಕೊಂಡ.

*4. ಹೊಸ ನಾಣ್ಯದ ಬೆನ್ನು ಹತ್ತೋದು.* ಡೆಕ್ಸ್‌ನಲ್ಲಿ ಯಾರು ಬೇಕಾದರೂ ನಾಣ್ಯ ಸೃಷ್ಟಿಸಿ ಕೊಳ ತೆರೆಯಬಹುದು, ಯಾರೂ ಪರಿಶೀಲಿಸಲ್ಲ. 2021ರ ಸ್ಕ್ವಿಡ್ ನಾಣ್ಯ ನೆನಪಿರಬಹುದು. ಕೊರಿಯಾದ ಜನಪ್ರಿಯ ಧಾರಾವಾಹಿಯ ಹೆಸರನ್ನು ಕದ್ದು ಪ್ಯಾನ್‌ಕೇಕ್‌ಸ್ವಾಪ್‌ನಲ್ಲಿ ಬಂದ ಆ ನಾಣ್ಯ ಕೆಲವೇ ದಿನಗಳಲ್ಲಿ 2,800 ಡಾಲರ್ ದಾಟಿತು. ನವೆಂಬರ್ 1ರಂದು ಕೆಲವೇ ನಿಮಿಷಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಬಿತ್ತು. ಬೆಲೆ ಅಷ್ಟು ಏರಿದ್ದರ ಗುಟ್ಟು ಸರಳ: ಕೊಂಡವರು ಮಾರಲು ಆಗುತ್ತಿರಲಿಲ್ಲ. ಮಾರೋರೇ ಇಲ್ಲದ ಸಂತೆಯಲ್ಲಿ ಬೆಲೆ ಏರದೆ ಇನ್ನೇನಾಗುತ್ತೆ? ನನ್ನ ತಮ್ಮನ ನಾಣ್ಯ "ಮೂರು ಪಟ್ಟು" ಆಗಿದ್ದೂ ಹೀಗೇ.

*5. ವಿಫಲವಾದರೂ ಮತ್ತೆ ಮತ್ತೆ ಒತ್ತೋದು.* ಯುಪಿಐ ಫೇಲ್ ಆದರೆ ದುಡ್ಡು ವಾಪಸ್ ಬರುತ್ತೆ. ನಮ್ಮ ತಲೆಯಲ್ಲಿ ಕೂತಿರೋದು ಅದೇ. ಬ್ಲಾಕ್‌ಚೈನ್‌ನಲ್ಲಿ ವಹಿವಾಟು ವಿಫಲವಾದರೂ ಜಾಲದ ಶುಲ್ಕ ಹೋಗೇ ಹೋಗುತ್ತೆ. 2021ರಲ್ಲಿ ನಾನೇ ಮೊದಲ ಸಲ ಒಂದು ಡೆಕ್ಸ್ ಬಳಸಿದಾಗ ಮೂರು ಸಲ ವಿಫಲವಾಗಿ, ಕೊಳ್ಳಬೇಕಿದ್ದ ಮೊತ್ತಕ್ಕಿಂತ ಹೆಚ್ಚು ಶುಲ್ಕ ಕಟ್ಟಿದ್ದೆ. ಏನೂ ಕೊಳ್ಳದೆ ಬಡವನಾಗುವ ಕಲೆ ಅವತ್ತು ಗೊತ್ತಾಯಿತು.

ಇದನ್ನೆಲ್ಲ ದಾಟಿ ಉಳಿದವರಲ್ಲಿ ಕೆಲವರು ಕೊಳಕ್ಕೆ ಹಣ ಹಾಕಿ ಶುಲ್ಕದಲ್ಲಿ ಪಾಲು ಪಡೆಯಲು ಹೋಗ್ತಾರೆ. "ಕೂತಲ್ಲೇ ಬಡ್ಡಿ" ಅಂತ ಇದನ್ನು ಮಾರ್ತಾರೆ. ಯುನಿಸ್ವಾಪ್‌ನ ಮೂರನೇ ಆವೃತ್ತಿಯ ಮೇಲೆ 2021ರಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ, ಹೀಗೆ ಹಣ ಹಾಕಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸುಮ್ಮನೆ ನಾಣ್ಯ ಇಟ್ಟುಕೊಂಡಿದ್ದರೇ ಹೆಚ್ಚು ಲಾಭ ಇರುತ್ತಿತ್ತು. ಆ ಅಧ್ಯಯನದಲ್ಲಿ ಪ್ರತಿಸ್ಪರ್ಧಿ ಬ್ಯಾಂಕರ್‌ನ ಕೈಯೂ ಇತ್ತು, ಅದನ್ನೂ ಗಮನದಲ್ಲಿಟ್ಟುಕೊಂಡೇ ಓದಿ.

ಭಾರತದಲ್ಲಿ: ತೆರಿಗೆಗೆ ನಾವಿದ್ದೇವೆ, ರಕ್ಷಣೆಗೆ ಇಲ್ಲ

ಕ್ರಿಪ್ಟೊ ಕಥೆಯಲ್ಲಿ ಕರ್ನಾಟಕ ಮೊದಲಿಂದಲೂ ಇದೆ. ದೇಶದ ಮೊದಲ ಬಿಟ್‌ಕಾಯಿನ್ ಕಂಪನಿಗಳಲ್ಲಿ ಒಂದಾದ ಯುನೊಕಾಯಿನ್ 2013ರಲ್ಲಿ ಶುರುವಾದದ್ದು ತುಮಕೂರಿನಲ್ಲಿ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕ್ ಸೇವೆ ಕೊಡಬಾರದು ಅಂತ ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಕ್ರಿಪ್ಟೊ ಮಸೂದೆ ಇತ್ತು, ಮಂಡನೆ ಆಗಲಿಲ್ಲ.

ಕಾನೂನು ಬರಲಿಲ್ಲ, ತೆರಿಗೆ ಬಂತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ 30%, ಜುಲೈ 1ರಿಂದ ಪ್ರತಿ ವಹಿವಾಟಿನ ಮೊತ್ತದಲ್ಲಿ 1% ಮೂಲದಲ್ಲೇ ಕಡಿತ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದ ಜೊತೆ ಸರಿದೂಗಿಸುವ ಹಾಗಿಲ್ಲ. ಅಂದರೆ ನನ್ನ ತಮ್ಮ ಒಂದರಲ್ಲಿ 60,000 ಕಳೆದುಕೊಂಡು ಇನ್ನೊಂದರಲ್ಲಿ 20,000 ಗಳಿಸಿದ್ದರೆ, ಕೈಯಿಂದ 40,000 ಹೋಗಿದ್ದರೂ ಸರ್ಕಾರಕ್ಕೆ 6,000 ರೂಪಾಯಿ ಮತ್ತು ಸೆಸ್ ಕಟ್ಟಬೇಕು.

ದೇಶಿ ಎಕ್ಸ್‌ಚೇಂಜ್‌ನಲ್ಲಿ ಆ 1% ಅನ್ನು ಕಂಪನಿ ಕಡಿತ ಮಾಡುತ್ತೆ. ಡೆಕ್ಸ್‌ನಲ್ಲಿ? ಎದುರಿಗಿರೋದು ಒಂದು ಕೊಳ. ಅದಕ್ಕೆ ಪ್ಯಾನ್ ಇಲ್ಲ. ಹಾಗಾಗಿ ಕಾನೂನು ಪಾಲಿಸೋರಿಗೆ ದಾರಿ ಕಷ್ಟ, ತಪ್ಪಿಸಿಕೊಳ್ಳೋರಿಗೆ ಸಲೀಸು. 2023ರ ಮಾರ್ಚ್‌ನಲ್ಲಿ ಕ್ರಿಪ್ಟೊ ಸೇವೆಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ತಂದರು. ಅದೇ ಡಿಸೆಂಬರ್‌ನಲ್ಲಿ ಬೈನಾನ್ಸ್ ಸೇರಿ 9 ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಹಣಕಾಸು ಗುಪ್ತಚರ ಘಟಕ ನೋಟಿಸ್ ಕೊಟ್ಟಿತು. ಆ ಕಡೆ ಬಾಗಿಲು ಹಾಕಿದರೆ ಜನ ಬಾಗಿಲೇ ಇಲ್ಲದ ಕಡೆ ಹೋಗೋದು ಸಹಜ.

ಹಾಗಾದರೆ ತಪ್ಪು ಯಾರದು?

"ದುರಾಸೆ ಪಟ್ಟ, ಅನುಭವಿಸಿದ" ಅಂತ ಹೇಳೋದು ಸುಲಭ. ನಮ್ಮ ಮನೆಯಲ್ಲೂ ಎಲ್ಲರೂ ಅದನ್ನೇ ಹೇಳಿದರು. ಆದರೆ ಒಂದು ಹೋಲಿಕೆ ನೋಡಿ. ಷೇರು ಮಾರುಕಟ್ಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ 93% ವೈಯಕ್ತಿಕ ವ್ಯಾಪಾರಿಗಳು ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು ಅಂತ ಸೆಬಿಯೇ ಹೇಳಿದೆ. ಅಂದರೆ ನಿಯಂತ್ರಣ ಇದ್ದ ಮಾತ್ರಕ್ಕೆ ಹೊಸಬರು ಗೆಲ್ಲಲ್ಲ. ಆದರೆ ವ್ಯತ್ಯಾಸ ಇದೆ. ಅಲ್ಲಿ ನಮಗೆ ಈ ಸಂಖ್ಯೆ ಗೊತ್ತಾಯಿತು. ಹತ್ತರಲ್ಲಿ ಒಂಬತ್ತು ಜನ ಸೋಲ್ತಾರೆ ಅಂತ ಬ್ರೋಕರ್‌ಗಳು ತಮ್ಮ ತಾಣದಲ್ಲೇ ತೋರಿಸಬೇಕಾಯಿತು. ನಿಯಮ ಬಿಗಿಯಾಯಿತು. ಪ್ರಶ್ನೆ ಕೇಳಲು ಒಂದು ವಿಳಾಸ ಇತ್ತು.

ಡೆಕ್ಸ್ ವಿಷಯದಲ್ಲಿ "ಇದು ಬರೀ ಕೋಡ್, ಯಾರೂ ಹೊಣೆಯಲ್ಲ" ಅನ್ನೋ ಉತ್ತರ ಬರುತ್ತೆ. ಅರ್ಧ ನಿಜ. ಬ್ಲಾಕ್‌ಚೈನ್ ಮೇಲಿನ ಪ್ರೋಗ್ರಾಂ ತಡೆಯೋದು ಕಷ್ಟ. ಆದರೆ ಹೊಸಬರು ಬಳಸೋದು ಆ ಪ್ರೋಗ್ರಾಂ ಅನ್ನು ನೇರವಾಗಿ ಅಲ್ಲ, ಅದರ ಮುಂದೆ ಯಾರೋ ನಿಲ್ಲಿಸಿರುವ ವೆಬ್‌ಸೈಟನ್ನು. 2021ರ ಜುಲೈನಲ್ಲಿ ಯುನಿಸ್ವಾಪ್ ಲ್ಯಾಬ್ಸ್ ತನ್ನ ವೆಬ್‌ಸೈಟಿನಿಂದ ನೂರರಷ್ಟು ಟೋಕನ್‌ಗಳನ್ನು ತೆಗೆದುಹಾಕಿತು. 2023ರ ಅಕ್ಟೋಬರ್‌ನಲ್ಲಿ ಅದೇ ವೆಬ್‌ಸೈಟಿನ ಕೆಲವು ವಹಿವಾಟುಗಳಿಗೆ 0.15% ಶುಲ್ಕ ಹಾಕಲು ಶುರು ಮಾಡಿತು. ಬೇಡವಾದ ನಾಣ್ಯ ತೆಗೆಯಲು, ಶುಲ್ಕ ಎತ್ತಲು ಕೈ ಇದೆ ಅಂದಮೇಲೆ, ಎಚ್ಚರಿಕೆ ತೋರಿಸಲೂ ಇದೆ.

ನಿಷೇಧ ಪರಿಹಾರ ಅಂತ ನನಗೆ ಅನಿಸಲ್ಲ, ಅದು ಎಲ್ಲರನ್ನೂ ಇನ್ನೂ ಕತ್ತಲೆಗೆ ತಳ್ಳುತ್ತೆ. ಕೇಳಬೇಕಾದ್ದು ಇಷ್ಟು: ನಷ್ಟವನ್ನು ಲಾಭದ ಜೊತೆ ಸರಿದೂಗಿಸಲು ತೆರಿಗೆ ಕಾನೂನಿನಲ್ಲಿ ಜಾಗ. ಭಾರತೀಯರಿಂದ ಶುಲ್ಕ ಪಡೆಯುವ ವೆಬ್‌ಸೈಟ್, ವ್ಯಾಲೆಟ್ ಕಂಪನಿಗಳು ಅನುಮತಿಯ ಮಿತಿ, ಕೊಳದ ಆಳ, ಮಾರಲು ಆಗುತ್ತೋ ಇಲ್ಲವೋ ಅನ್ನೋದನ್ನು ಸಹಿಗೆ ಮುಂಚೆ ತೋರಿಸುವ ನಿಯಮ. ಆ ಎಚ್ಚರಿಕೆ ಕನ್ನಡದಲ್ಲೂ ಇರಬೇಕು. ನನ್ನ ತಮ್ಮ ಸಹಿ ಹಾಕಿದ ಅನುಮತಿ ಇದ್ದದ್ದು ಇಂಗ್ಲಿಷಿನಲ್ಲಿ, ಕಾಯಿನ್ ತಗೋ ಅಂತ ಅವನಿಗೆ ಹೇಳಿದ ವಿಡಿಯೊ ಮಾತ್ರ ಸೊಗಸಾದ ಕನ್ನಡದಲ್ಲಿತ್ತು.

ಅಷ್ಟರ ತನಕ ನಾವು ಮಾಡಬಹುದಾದ್ದು: ಕೊಂಡಷ್ಟನ್ನು ಮೊದಲು ಸ್ವಲ್ಪ ಮಾರಿ ನೋಡಿ. ಅನುಮತಿಗೆ ಬೇಕಾದಷ್ಟೇ ಮೊತ್ತ ಬರೆಯಿರಿ, ಕೆಲಸ ಮುಗಿದ ಮೇಲೆ ರದ್ದು ಮಾಡಿ. ಜಾರುಮಿತಿ ಏರಿಸಿ ಅಂತ ಹೇಳೋರನ್ನು ಅನುಮಾನಿಸಿ. ವಿಫಲವಾದರೆ ಮತ್ತೆ ಒತ್ತುವ ಮುಂಚೆ ಯಾಕೆ ಅಂತ ಓದಿ. ಹೋದರೆ ನಿದ್ದೆ ಕೆಡುವಷ್ಟು ಹಣ ಹಾಕಲೇಬೇಡಿ.

ಆ ರಾತ್ರಿ ನಾವಿಬ್ಬರೂ ಫೋನಿನಲ್ಲೇ ಕೂತು ಅವನ ಎರಡು ಅನುಮತಿಗಳನ್ನು ರದ್ದು ಮಾಡಿದೆವು. 60,000 ವಾಪಸ್ ಬರಲಿಲ್ಲ, ಬರೋದೂ ಇಲ್ಲ. ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟ. "ಯಾರ ಮೇಲೆ ದೂರು?" ಅನ್ನೋ ಪ್ರಶ್ನೆಗೆ ಅವನ ಹತ್ತಿರ ಇದ್ದದ್ದು 42 ಚಿಹ್ನೆಗಳ ಇನ್ನೊಂದು ಸಾಲು ಮಾತ್ರ. ಅವನ ಪ್ರತಿ ಹೆಜ್ಜೆಯನ್ನೂ ಜಗತ್ತೇ ನೋಡಬಹುದು, ಅವನ ಹಣ ತಗೊಂಡವರ ಮುಖವನ್ನು ಅವನು ನೋಡುವಂತಿಲ್ಲ. ಇದನ್ನೇ ಪಾರದರ್ಶಕತೆ ಅಂತ ಕರೆಯೋದಾದರೆ, ಯಾರಿಗೆ ಪಾರದರ್ಶಕ ಅಂತ ಕೇಳೋ ಹಕ್ಕು ನಮಗಿದೆ.